ಕಿರ್ದಿಯಿಂದ ಖಾತೆಗೆ

ಬೆಂಗಳೂರಿನ ತರಗುಪೇಟೆಯ ಒಂದು ಮಂಡಿಯಲ್ಲಿ ನಮ್ಮ ತಾತನವರು ಮೂವತ್ತು ವರ್ಷಕ್ಕೂ ಮಿಕ್ಕಿ ಲೆಕ್ಕ ಬರೆದವರು. ತರಗು ಎಂದರೆ ದಲ್ಲಾಳಿತನ. ಹಳ್ಳಿಯ ರೈತನಿಗೂ ಪಟ್ಟಣದ ಚಿಲ್ಲರೆ ಅಂಗಡಿಯವನಿಗೂ ನಡುವೆ ನಿಂತು ಕಾಳುಕಡ್ಡಿಯ ಬೆಲೆ ಕುದುರಿಸುವ ವ್ಯಾಪಾರವೇ ಆ ಪೇಟೆಗೆ ಹೆಸರನ್ನೂ ಅನ್ನವನ್ನೂ ಕೊಟ್ಟದ್ದು. ರಾಗಿ, ಅಕ್ಕಿ, ತೊಗರಿಯ ಮೂಟೆಗಳು ಹಗಲೆಲ್ಲ ಇಳಿದೇರುತ್ತಿದ್ದ ಆ ಗಲಭೆಯ ನಡುವೆ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ ತಾತನವರ ಮುಂದೆ ಯಾವಾಗಲೂ ಎರಡು ಪುಸ್ತಕಗಳಿರುತ್ತಿದ್ದುವು: ಕಿರ್ದಿ ಒಂದು, ಖಾತೆ ಒಂದು. ಕಿರ್ದಿಯು ಆಯಾ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಹಿಡಿದಿಡುವ ಪುಸ್ತಕ. ಖಾತೆಯಲ್ಲಿಯಾದರೋ ಕಾಲಕ್ರಮ ಗೌಣ, ಆಸಾಮಿ ಮುಖ್ಯ. ದೀಪ ಹಚ್ಚಿದ ಮೇಲೆ ಕಿರ್ದಿಯ ಒಂದೊಂದು ಬಾಬನ್ನೂ ಎತ್ತಿ ಆಯಾ ಆಸಾಮಿಯ ಪುಟಕ್ಕೆ ಬರೆಯತಕ್ಕದ್ದು. ಈ ಕೆಲಸ ನಾಲ್ಕು ದಿನ ತಪ್ಪಿತೆಂದರೆ, ಕಿರ್ದಿಯಲ್ಲಿ ಸಮಸ್ತವೂ ಇದ್ದಾಗ್ಯೂ, ಯಾರಿಂದ ಎಷ್ಟು ಬರಬೇಕೆಂಬುದು ಧಣಿಗೂ ತಿಳಿಯದು, ಗುಮಾಸ್ತನಿಗೂ ತಿಳಿಯದು.

ವೈದ್ಯವಿಜ್ಞಾನದ ಸಂಶೋಧನೆಗೆ ಒದಗಿದ್ದ ಸಂಕಟವೂ ಇದೇ. ಜಗತ್ತಿನ ಪ್ರಯೋಗಶಾಲೆಗಳು ಕಂಡದ್ದನ್ನೆಲ್ಲ ನಿಯತಕಾಲಿಕಗಳಲ್ಲಿ ಪ್ರಕಟಿಸುತ್ತ ಬಂದುವು, ಅವು ಕಿರ್ದಿಗಳು. ಅವನ್ನು ಖಾತೆಗೆ ಎತ್ತುವ ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ಮೊದಲಾದದ್ದು 1879ರಲ್ಲಿ, ಅಮೆರಿಕದ ಸೇನಾವೈದ್ಯ ಜಾನ್ ಶಾ ಬಿಲ್ಲಿಂಗ್ಸ್ ಅವರು 'ಇಂಡೆಕ್ಸ್ ಮೆಡಿಕಸ್' ಎಂಬ ವಿಷಯಸೂಚಿಯನ್ನು ಹೊರಡಿಸಿದಾಗ. ನಗರದ ಗ್ರಂಥಾಲಯವೊಂದರಲ್ಲಿ ನಾನು ನೌಕರಿಗೆ ಸೇರಿದಾಗ ಅದರ ಸಂಪುಟಗಳು ಒಂದು ಗೋಡೆಯನ್ನೇ ತುಂಬಿದ್ದುವು. ಮಧ್ಯಾಹ್ನದ ಪಾಳಿ ಮುಗಿಸಿ ಬಂದ ಎಳೆಯ ವೈದ್ಯರು ಸಂಪುಟದ ಮೇಲೆ ಸಂಪುಟ ತೆರೆದು, ಬೆರಳನ್ನು ಸಾಲುಸಾಲಾಗಿ ಓಡಿಸಿ, ಐದಾರು ಉಲ್ಲೇಖಗಳನ್ನು ಚೀಟಿಯಲ್ಲಿ ಗೀಚಿಕೊಳ್ಳುವ ವೇಳೆಗೆ ಸಂಜೆಯ ಘಂಟೆ ಹೊಡೆಯುತ್ತಿದ್ದಿತು. ಆ ಲೇಖನವಿದ್ದ ಪತ್ರಿಕೆ ಊರಿನಲ್ಲಿ ಎಲ್ಲಿದೆಯೆಂದು ಹುಡುಕುವುದು ಮರುದಿನದ ಪಾಡು. ಅದೇ ಸೂಚಿ 1964ರಲ್ಲಿ 'ಮೆಡ್ಲಾರ್ಸ್' ಎಂಬ ಹೆಸರಿನಿಂದ ಗಣಕಯಂತ್ರಕ್ಕೆ ಏರಿತು, 1971ರಲ್ಲಿ 'ಮೆಡ್‌ಲೈನ್' ಆಗಿ ದೂರವಾಣಿಯ ತಂತಿಯ ಮೇಲೆ ಹರಿಯಿತು, 1997ರಲ್ಲಿ 'ಪಬ್‌ಮೆಡ್' ಎಂಬ ರೂಪದಲ್ಲಿ ಎಲ್ಲರಿಗೂ ಉಚಿತವಾಯಿತು. ಗೋಡೆಯ ಸಂಪುಟಗಳು 2004ರ ಅನಂತರ ಬೆಳೆಯಲಿಲ್ಲ.

ಆದರೆ ಯಂತ್ರ ಬಂದ ಮಾತ್ರಕ್ಕೆ ಖಾತೆ ಬಂದಂತಾಗಲಿಲ್ಲ. ಯಾವ ಬಾಬು ಯಾವ ಪುಟಕ್ಕೆ ಸೇರತಕ್ಕದ್ದೆಂಬುದನ್ನು ಮೊದಲು ಮನುಷ್ಯನೇ ನಿರ್ಣಯಿಸಬೇಕು. ಈ ನಿರ್ಣಯದ ಶಾಸ್ತ್ರವನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಎಲ್ಲರಿಗಿಂತ ಆಳವಾಗಿ ಚಿಂತಿಸಿದವರೊಬ್ಬರು ತಮ್ಮ ಕೊನೆಯ ವರ್ಷಗಳನ್ನು ನಮ್ಮ ಮಲ್ಲೇಶ್ವರದಲ್ಲಿಯೇ ಕಳೆದರೆಂಬುದನ್ನು ಬೆಂಗಳೂರಿಗರು ಸಾಮಾನ್ಯವಾಗಿ ನೆನೆಯುವುದಿಲ್ಲ. ಎಸ್. ಆರ್. ರಂಗನಾಥನ್ ಅವರು ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ್ದು 1933ರಲ್ಲಿ. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಎಂಬ ಕೇಂದ್ರವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿ, 1972ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯರನ್ನು ಕೂರಿಸಿಕೊಂಡು ಅದೇ ಚಿಂತನೆಯಲ್ಲಿ ಮಗ್ನರಾಗಿದ್ದರು.

ಅವರ ಹೊಸತನವೇನೆಂಬುದನ್ನು ಪೇಟೆಯ ಉದಾಹರಣೆಯಿಂದಲೇ ಹೇಳಬಹುದು. ಕೆಂಪೇಗೌಡರ ಪೇಟೆಯೂ ಒಂದು ವರ್ಗೀಕರಣವೇ: ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ, ಎಣ್ಣೆಗೆ ಗಾಣಿಗರಪೇಟೆ. ಆದರೆ ಅಕ್ಕಿಯನ್ನೂ ಎಣ್ಣೆಯನ್ನೂ ಮಾರುವ ಅಂಗಡಿಯನ್ನು ಎಲ್ಲಿಡುವುದು? ಒಂದೇ ಗೂಡಿನಲ್ಲಿ ಒಂದೇ ಹಕ್ಕಿ ಎಂಬ ಹಳೆಯ ವರ್ಗೀಕರಣಗಳೆಲ್ಲ ಎಡವಿದ್ದು ಇಲ್ಲಿಯೇ. ರಂಗನಾಥನ್ ಅವರು ವಿಷಯವನ್ನು ಮುಖಮುಖವಾಗಿ ಬಿಡಿಸಿದರು. 'ಎಲ್,45;421:6;253:ಎಫ್.44'ಎನ್5' ಎಂಬ ಸಂಕೇತವನ್ನು ನೋಡಿ ಮೊದಲ ದಿನ ನಾನು ಗಾಬರಿಯಾಗಿದ್ದೆ. ಬಿಡಿಸಿಕೊಂಡರೆ ಅದು ಸರಳ ವಾಕ್ಯವೇ. 'ಎಲ್' ವೈದ್ಯ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್‌ರೇ, 'ಎಫ್' ಸಂಶೋಧನೆ, 44 ಭಾರತ, 'ಎನ್5' ಎಂದರೆ 1950. ಶ್ವಾಸಕೋಶದ ಕ್ಷಯಕ್ಕೆ ಎಕ್ಸ್‌ರೇ ಚಿಕಿತ್ಸೆಯನ್ನು ಕುರಿತು 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆ! ಅಂಗವೊಂದು ಮುಖ, ರೋಗವೊಂದು ಮುಖ, ಚಿಕಿತ್ಸೆಯೊಂದು ಮುಖ. ಇಂದು ಪಬ್‌ಮೆಡ್‌ನಲ್ಲಿ ರೋಗದ ಹೆಸರಿಗೆ ಚಿಕಿತ್ಸೆ, ನಿದಾನ, ಅನುವಂಶೀಯತೆ ಮುಂತಾದ ಉಪಶೀರ್ಷಿಕೆಗಳನ್ನು ಜೋಡಿಸಿ ಹುಡುಕುವವರು, ಆ ಪದ್ಧತಿ ಬೇರೆ ಕಡೆ ಬೇರೆ ರೀತಿಯಲ್ಲಿ ಬೆಳೆದದ್ದಾದರೂ, ಇದೇ ತತ್ತ್ವದ ನೆರಳಿನಲ್ಲಿ ನಡೆಯುತ್ತಿದ್ದಾರೆ.

ಈ ನಡುವೆ ಲೇಖನಗಳ ಖಾತೆಯ ಪಕ್ಕದಲ್ಲಿ ವಸ್ತುಗಳ ಖಾತೆಯೂ ತೆರೆದುಕೊಂಡಿತ್ತು. ಮಾರ್ಗರೆಟ್ ಡೇಹಾಫ್ ಅವರು 1965ರಲ್ಲಿ 65 ಪ್ರೋಟೀನುಗಳ ಅಮೈನೋ ಆಮ್ಲ ಕ್ರಮವನ್ನು ಒಂದು ಪುಸ್ತಕವಾಗಿ ಕಟ್ಟಿದರು. ಪ್ರೋಟೀನುಗಳ ತ್ರಿಮಾನ ರಚನೆಗಳ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕು 1971ರಲ್ಲಿ ಕೇವಲ ಏಳು ರಚನೆಗಳೊಡನೆ ಆರಂಭವಾಯಿತು. ಅದೇ 1971ರಲ್ಲಿ ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಿಂದ ನಮ್ಮ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟತೊಡಗಿದ್ದು ಕಾಕತಾಳೀಯವಿರಬಹುದು, ಆದರೆ ಅರ್ಥವಿಲ್ಲದ ಕಾಕತಾಳೀಯವಲ್ಲ. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಲ್ಲುದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದ ತಿರುಗಲಾರದು ಎಂಬುದನ್ನು ಅವರೂ ಸಹೋದ್ಯೋಗಿಗಳೂ 1963ರಲ್ಲಿಯೇ ಒಂದು ನಕ್ಷೆಯಲ್ಲಿ ತೋರಿಸಿದ್ದರು. ಇಂದಿಗೂ ಆ ಭಂಡಾರಕ್ಕೆ ಬರುವ ಹೊಸ ರಚನೆಯನ್ನು ಆ ನಕ್ಷೆಗೆ ಒಡ್ಡಿ ನೋಡುವ ಪದ್ಧತಿಯಿದೆ. ತಕ್ಕಡಿಗೆ ಮುದ್ರೆಯಿದ್ದಂತೆ ಅದು.

ಡಿ.ಎನ್.ಎ. ಅಕ್ಷರಗಳ ಖಾತೆಗಳು ಯೂರೋಪಿನ ಹೈಡಲ್‌ಬರ್ಗಿನಲ್ಲಿ 1980ರಲ್ಲಿ, ಅಮೆರಿಕದಲ್ಲಿ 'ಜೆನ್‌ಬ್ಯಾಂಕ್' ಎಂಬ ಹೆಸರಿನಲ್ಲಿ 1982ರಲ್ಲಿ ತೆರೆದುವು. ಅಲ್ಲಿಂದ ಮುಂದೆ ತೊಂದರೆ ಸಂಗ್ರಹದ್ದಲ್ಲ, ಹುಡುಕಾಟದ್ದು. ಹೊಸದಾಗಿ ಓದಿದ ಒಂದು ಜೀನನ್ನು ಹಳೆಯ ಲಕ್ಷಾಂತರ ಜೀನುಗಳೊಡನೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತ ಕುಳಿತರೆ ಯಂತ್ರಕ್ಕೂ ಹೊತ್ತು ಸಾಲದು. 1990ರಲ್ಲಿ ಬಂದ 'ಬ್ಲಾಸ್ಟ್' ಎಂಬ ತಂತ್ರಾಂಶವು ಈ ಗಂಟನ್ನು ಬಿಡಿಸಿದ ರೀತಿ ಮಂಡಿಯವರಿಗೆ ತಟ್ಟನೆ ಅರ್ಥವಾದೀತು. ತೊಗರಿಯ ಮೂಟೆಯನ್ನು ಕೊಳ್ಳುವವನು ಮೂಟೆಯನ್ನೆಲ್ಲ ಸುರಿದು ಕಾಳು ಎಣಿಸುವುದಿಲ್ಲ; ಮೊನೆಯುಳ್ಳ ಕಬ್ಬಿಣದ ಕೊಳವೆಯನ್ನು ಗೋಣಿಗೆ ಚುಚ್ಚಿ, ಹೊರಬಂದ ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ ನೋಡಿ, ಮನಸ್ಸಿಗೆ ಬಂದರೆ ಮಾತ್ರ ಮುಂದಿನ ಪರೀಕ್ಷೆಗೆ ಕೈಹಾಕುತ್ತಾನೆ. ಬ್ಲಾಸ್ಟ್ ಕೂಡ ಉದ್ದದ ಕ್ರಮವನ್ನು ಪ್ರೋಟೀನಾದರೆ ಮೂರು, ಡಿ.ಎನ್.ಎ. ಆದರೆ ಹನ್ನೊಂದು ಅಕ್ಷರಗಳಷ್ಟು ಪುಟ್ಟ ತುಣುಕುಗಳಾಗಿ ಕತ್ತರಿಸಿ, ಆ ತುಣುಕು ತಾಳೆಯಾದ ಕಡೆ ಮಾತ್ರ ಎಡಕ್ಕೂ ಬಲಕ್ಕೂ ಹೋಲಿಕೆಯನ್ನು ಬೆಳೆಸುತ್ತದೆ. ಇಂತಹ ಹೋಲಿಕೆ ಬರಿಯ ಆಕಸ್ಮಿಕವಾಗಿ ಎಷ್ಟು ಸಲ ಕಂಡೀತೆಂಬ ಎಣಿಕೆಯನ್ನೂ ಜೊತೆಗೇ ಕೊಡುತ್ತದೆ.

ಇಂತಹ ತೆರೆದ ಖಾತೆಗಳ ಬೆಲೆಯನ್ನು ತರಗುಪೇಟೆಯಲ್ಲಿ ನಿಂತು ಯೋಚಿಸುವುದು ಉಚಿತ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಸಾವು ಎಂಬಂತೆ ಪೇಟೆಯ ಕಿಷ್ಕಿಂಧೆಯ ಓಣಿಗಳು ತತ್ತರಿಸಿದುವು. ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳಿಗೆ ಜನ ಹೊರಟದ್ದು ಆ ಭಯದಿಂದಲೇ. ಆ ರೋಗದ ಬ್ಯಾಸಿಲಸ್ಸನ್ನು ಯೆರ್ಸಿನ್ ಅವರು ಹಾಂಗ್‌ಕಾಂಗಿನಲ್ಲಿ ಕಂಡದ್ದು ಕೇವಲ ನಾಲ್ಕು ವರ್ಷ ಮುಂಚೆ. 2001ರಲ್ಲಿ ಅದರ ಸಮಗ್ರ ಜೀನೋಮು, ಸುಮಾರು 46.5 ಲಕ್ಷ ಅಕ್ಷರ, ಪ್ರಕಟವಾಯಿತು. ನಮ್ಮ ಮುತ್ತಾತಂದಿರ ಮನೆಗಳನ್ನು ಬರಿದುಮಾಡಿದ ಆ ಜೀವಿಯ ಅಕ್ಷರವಕ್ಷರವನ್ನೂ ಇಂದು ಮಂಡಿಯ ಜಗಲಿಯ ಮೇಲೆ ಕುಳಿತ ಹುಡುಗನು ಕಾಸು ಕೊಡದೆ ತನ್ನ ಮೊಬೈಲಿನಲ್ಲಿ ತೆರೆಯಬಲ್ಲನು.

ಬೆಂಗಳೂರು ಈ ವಿದ್ಯೆಗೆ ಓದುಗನಾಗಿ ಮಾತ್ರ ಉಳಿಯಲಿಲ್ಲ. 1980ರ ದಶಕದ ಉತ್ತರಾರ್ಧದಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಕಟ್ಟಿದ ಮಾಹಿತಿಜಾಲದಲ್ಲಿ ವಿಜ್ಞಾನ ಮಂದಿರವೂ ಒಂದು ಕೇಂದ್ರವಾಯಿತು. 2000ದಲ್ಲಿ ಅಲ್ಲಿಯ ಗಣಕವಿಜ್ಞಾನದ ನಾಲ್ವರು ಪ್ರಾಧ್ಯಾಪಕರು ಸ್ಟ್ರಾಂಡ್ ಎಂಬ ಸಂಸ್ಥೆಯನ್ನು ತೆರೆದು ಜೀನುಗಳ ಅಂಕಿ ಅಂಶ ವಿಶ್ಲೇಷಿಸುವ ತಂತ್ರಾಂಶಗಳನ್ನು ಹೊರದೇಶಗಳಿಗೂ ಮುಟ್ಟಿಸಿದರು. ಆದರೆ ನನ್ನ ಮೆಚ್ಚುಗೆ ಹೆಚ್ಚಾಗಿ ಸಲ್ಲುವುದು 2002ರಲ್ಲಿ ಅಖಿಲೇಶ್ ಪಾಂಡೆಯವರು ವೈಟ್‌ಫೀಲ್ಡಿನಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಗೆ. ಅದಕ್ಕೆ ಕಾರಣ ಅಲ್ಲಿ ನಡೆದ ಕೆಲಸ ಯಂತ್ರದ್ದಲ್ಲ, ಗುಮಾಸ್ತರದು ಎಂಬುದೇ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದೊಡನೆ ಕೂಡಿ 2003ರಲ್ಲಿ ಅವರು ಹೊರತಂದ ಮಾನವ ಪ್ರೋಟೀನುಗಳ ಆಕರಕೋಶ, 'ಎಚ್‌ಪಿಆರ್‌ಡಿ', ಜೀವಶಾಸ್ತ್ರ ಓದಿದ ತರುಣ ತರುಣಿಯರು ಒಂದೊಂದಾಗಿ ಲೇಖನಗಳನ್ನು ಓದಿ ಕೈಯಾರೆ ಎತ್ತಿಬರೆದ ಖಾತೆ. ಈ ಪ್ರೋಟೀನು ಆ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂದು ಬರೆದರೆ ಸಾಲದು. ಅದನ್ನು ಕಂಡದ್ದು ಗಾಜಿನ ನಳಿಗೆಯಲ್ಲಿಯೋ, ಜೀವಂತ ಕೋಶದಲ್ಲಿಯೋ, ಯೀಸ್ಟಿನ ಪರೀಕ್ಷೆಯಲ್ಲಿಯೋ ಎಂಬುದನ್ನು ಬೇರೆ ಬೇರೆಯಾಗಿ ನಮೂದಿಸಿ, ಪಕ್ಕದಲ್ಲಿ ಆಧಾರ ಲೇಖನದ ಪಬ್‌ಮೆಡ್ ಸಂಖ್ಯೆಯನ್ನು ಕಾಣಿಸಬೇಕು. 'ಅಂಟಿಕೊಳ್ಳುವುದಿಲ್ಲ' ಎಂಬ ವಾಕ್ಯದಲ್ಲಿ 'ಅಂಟಿಕೊಳ್ಳು' ಎಂಬುದನ್ನು ಕಂಡು ಮೋಸಹೋಗುವುದು ಆ ಕಾಲದ ಯಂತ್ರಕ್ಕೆ ಸಹಜವಾಗಿದ್ದಿತು. ಓದುಬಲ್ಲ ಮನುಷ್ಯನಿಗೆ ಅಲ್ಲ. ಏಳೇ ವರ್ಷಗಳಲ್ಲಿ ಆ ಕೋಶದ ಪ್ರೋಟೀನ್ ನಮೂದುಗಳು 30,000ವನ್ನು ಮೀರಿದುವು.

ಅದೇ ಸಂಸ್ಥೆಯೂ ಜಾನ್ಸ್ ಹಾಪ್‌ಕಿನ್ಸಿನವರೂ ಸೇರಿ 2014ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ಪ್ರಕಟಿಸಿದರು: 30 ಬಗೆಯ ಅಂಗಾಂಶ ಮತ್ತು ರಕ್ತಕೋಶಗಳಲ್ಲಿ 17,294 ಜೀನುಗಳ ಪ್ರೋಟೀನುಗಳು. ಮೂಗಿನ ಅಂಗಾಂಶವನ್ನೇ ಪರೀಕ್ಷಿಸದ ಕಡೆ ವಾಸನೆಯ ಗ್ರಾಹಕಗಳು ಹೇಗೆ ಕಂಡುವು ಎಂದು ಬೇರೆ ವಿದ್ವಾಂಸರು ಕೂಡಲೆ ಪ್ರಶ್ನೆಯೆತ್ತಿದರು. ಅಂಕಿಗಳೆಲ್ಲ ತೆರೆದ ಖಾತೆಯಲ್ಲಿ ಇದ್ದುದರಿಂದಲೇ ಆ ಪ್ರಶ್ನೆ ಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ಎತ್ತಿಬರೆಯುವಲ್ಲಿ ಕೈತಪ್ಪಿದರೆ ಏನಾಗುವುದೆಂಬುದಕ್ಕೆ ಒಂದು ವಿನೋದದ ಪ್ರಸಂಗವುಂಟು. ಮಾನವ ಜೀನುಗಳಲ್ಲಿ 'ಸೆಪ್ಟ್1', 'ಮಾರ್ಚ್1' ಎಂಬ ಹೆಸರಿನವು ಇದ್ದುವು. ಸಂಶೋಧಕರು ಜೀನುಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿದೊಡನೆ ಆ ತಂತ್ರಾಂಶವು ಅತಿಬುದ್ಧಿವಂತ ಗುಮಾಸ್ತನಂತೆ ಅವನ್ನು ಸೆಪ್ಟೆಂಬರ್ 1, ಮಾರ್ಚ್ 1 ಎಂದು ತಿದ್ದಿಬಿಡುತ್ತಿದ್ದಿತು. 2016ರಲ್ಲಿ ಲೆಕ್ಕಹಾಕಿದವರಿಗೆ, ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ ಜೀನೋಮ್ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಭಾಗ ಈ ದೋಷಕ್ಕೆ ಸಿಕ್ಕಿರುವುದು ತಿಳಿಯಿತು. ಕಡೆಗೆ 2020ರಲ್ಲಿ ಜೀನುಗಳ ನಾಮಕರಣ ಸಮಿತಿಯೇ ಸೋತು, ಜೀನುಗಳ ಹೆಸರನ್ನು ಬದಲಿಸಿತು. ತಾತನವರು ಇದ್ದಿದ್ದರೆ, ಗುಮಾಸ್ತನನ್ನು ಬಿಟ್ಟು ಆಸಾಮಿಯ ಹೆಸರನ್ನೇ ಬದಲಿಸುವ ಈ ನ್ಯಾಯಕ್ಕೆ ನಗುತ್ತಿದ್ದರೋ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರೋ!

ಇನ್ನು ಇತ್ತೀಚಿನ ಸಂಗತಿ. ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಯ ತಂತ್ರಾಂಶವು ಊಹಿಸಿದ ಪ್ರೋಟೀನ್ ರಚನೆಗಳ ಸಂಗ್ರಹ 2022ರಲ್ಲಿ 20 ಕೋಟಿಯನ್ನು ಮುಟ್ಟಿತು. ಜನ ಯಂತ್ರವನ್ನು ಹೊಗಳಿದರು. ಆ ಯಂತ್ರ ಪಾಠ ಕಲಿತದ್ದು, ಏಳು ರಚನೆಗಳಿಂದ ಮೊದಲಾಗಿ ಐವತ್ತು ವರ್ಷ ತಪ್ಪದೆ ಬರೆದಿಟ್ಟ ಪ್ರೋಟೀನ್ ಡೇಟಾ ಬ್ಯಾಂಕಿನ ಖಾತೆಯಿಂದ. ವಿಜ್ಞಾನ ಮಂದಿರದ ಆವರಣದ ಮೆದುಳು ಸಂಶೋಧನಾ ಕೇಂದ್ರವು ಮುಂದಾಳಾಗಿ, 20 ಸಂಸ್ಥೆಗಳು ಸೇರಿ ನಡೆಸಿದ 10,000 ಭಾರತೀಯರ ಜೀನೋಮ್ ಯೋಜನೆಯ ದತ್ತಾಂಶವು 2025ರ ಜನವರಿಯಿಂದ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ದೊರೆಯತೊಡಗಿದೆ. ಆದರೆ ಹಳೆಯ ಖಾತೆಗಳ ಪಾಡು ಬೇರೆ. ಎಚ್‌ಪಿಆರ್‌ಡಿಯ ಒಂಬತ್ತನೆಯ ಆವೃತ್ತಿ ಬಂದದ್ದು 2010ರಲ್ಲಿ. ಅನಂತರ ಹೊಸ ಆವೃತ್ತಿಯಿಲ್ಲ. ಹೊಸ ಕೋಶವನ್ನು ಕಟ್ಟುವುದಕ್ಕೆ ಧನಸಹಾಯ ಒದಗುವಷ್ಟು ಸುಲಭವಾಗಿ, ಇದ್ದ ಕೋಶವನ್ನು ದಿನದಿನವೂ ತಿದ್ದಿ ಇಡುವುದಕ್ಕೆ ಒದಗುವುದಿಲ್ಲ. ಜಗತ್ತಿನಾದ್ಯಂತ ಇದೇ ಕಥೆ.

ಔಷಧಿ ಸಸ್ಯಗಳ ಖಾತೆಗೆ ಬಂದರೆ ಗೊಂದಲ ಹೆಸರಿನಲ್ಲಿಯೇ ಇದೆ. ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವು ದೇಶಭಾಷೆಗಳ ಸಸ್ಯನಾಮಗಳನ್ನು ಶಾಸ್ತ್ರೀಯ ನಾಮಗಳೊಡನೆ ಹೊಂದಿಸುವ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿತು. ಮದರಾಸಿನ ಗಣಿತವಿಜ್ಞಾನ ಸಂಸ್ಥೆಯ 'ಇಂಪ್ಯಾಟ್' ಕೋಶವು 2018ರಲ್ಲಿ 1,742 ಸಸ್ಯಗಳನ್ನು ಅವುಗಳ ರಾಸಾಯನಿಕಗಳೊಡನೆ ಪಟ್ಟಿಮಾಡಿ, ಎರಡನೆಯ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು 4,010ಕ್ಕೆ ಏರಿಸಿತು. ಹೆಸರಿನ ಗೊಂದಲಕ್ಕೆ ಒಂದು ಉದಾಹರಣೆ: ಬ್ರಾಹ್ಮಿ ಎಂದರೆ ಶಾಸ್ತ್ರಜ್ಞರಲ್ಲಿ ಬಹುಮಂದಿಗೆ ಬಕೋಪ. ನಮ್ಮ ಮನೆಗಳಲ್ಲಿ ತಂಬುಳಿಗೆ ಅರೆಯುವ ಬ್ರಾಹ್ಮಿಯಾದರೋ ಸೆಂಟೆಲ್ಲಾ ಕುಲದ ಒಂದೆಲಗ. ಎರಡರ ರಾಸಾಯನಿಕವೂ ಬೇರೆ, ಕುಟುಂಬವೂ ಬೇರೆ. ಈ ಲೇಖನಕ್ಕಾಗಿ ಕೋಶಗಳನ್ನು ಜಾಲಾಡುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಪೇಟೆಯ ಗ್ರಂಧಿಗೆ ಅಂಗಡಿಗೆ ಹೋಗಿ, ಏನನ್ನೂ ವಿವರಿಸದೆ, ನೂರು ಗ್ರಾಂ ಬ್ರಾಹ್ಮಿ ಕೊಡಪ್ಪ ಎಂದೆ. ಅಂಗಡಿಯಾತ ಡಬ್ಬಗಳ ಕಡೆಗೆ ತಿರುಗಿದವನು ಕೈಯನ್ನು ಅಲ್ಲಿಯೇ ತಡೆದು ಕೇಳಿದ:

"ಯಾವುದು ಸ್ವಾಮಿ, ಒಂದೆಲಗವೋ, ನೀರುಬ್ರಾಹ್ಮಿಯೋ?"