ಹಳೆಯ ಪಿಕಪ್ಪಿನ ಎಣ್ಣೆಯೂ ಫಿಲ್ಟರೂ: ಒಂದು ಸಮೀಕ್ಷೆ

ಎಂಜಿನ್ ಆಯಿಲಿನ ಡಬ್ಬಿಯ ಮೇಲೆ ಎರಡು ಗುರುತುಗಳಿರುತ್ತವೆ: ಒಂದು ಎಣ್ಣೆಯ ಮಂದತೆಯನ್ನು ತಿಳಿಸುವ ಅಂಕೆ, ಇನ್ನೊಂದು ಅದರ ಗುಣದರ್ಜೆಯನ್ನು ಸೂಚಿಸುವ ಅಕ್ಷರದ್ವಯ. ಹೊಸ ವಾಹನವನ್ನು ಕೊಂಡವನು ಇವೆರಡರ ಮರ್ಮವನ್ನು ವಿಚಾರಿಸಬೇಕಾದ ಪ್ರಮೇಯವಿಲ್ಲ; ತಯಾರಕನ ಕೈಪಿಡಿಯಲ್ಲಿ ಬರೆದಿರುವುದನ್ನು ತಂದು ಸುರಿದರೆ ಅವನ ಕರ್ತವ್ಯ ಮುಗಿಯಿತು. ಆದರೆ ಮೂವತ್ತು, ನಾಲ್ವತ್ತು, ಅರುವತ್ತು ವರ್ಷಗಳ ಹಿಂದೆ ನಿರ್ಮಿತವಾಗಿ, ಇಂದಿಗೂ ಹುಲ್ಲು, ಗೊಬ್ಬರ, ಮರಮುಟ್ಟುಗಳನ್ನು ಹೊರುತ್ತಲೇ ಇರುವ ಪಿಕಪ್ ಟ್ರಕ್ಕಿನ ಒಡೆಯನಿಗೆ ಆ ಸೌಕರ್ಯವಿಲ್ಲ. ಅವನ ಕೈಪಿಡಿಯು ಹೆಸರಿಸುವ ದರ್ಜೆ ಅಂಗಡಿಯಿಂದ ಎಂದೋ ಮರೆಯಾಗಿದೆ, ಅಂಗಡಿಯಲ್ಲಿರುವ ದರ್ಜೆ ಅವನ ಕೈಪಿಡಿ ಅಚ್ಚಾದಾಗ ಹುಟ್ಟಿಯೇ ಇರಲಿಲ್ಲ. ಈ ಅಂತರವನ್ನು ದಾಟಬೇಕಾದರೆ ಎಣ್ಣೆಯೂ ಫಿಲ್ಟರೂ ನಡೆದುಬಂದ ದಾರಿಯನ್ನು ಅಷ್ಟಿಷ್ಟಾದರೂ ಅರಿತಿರಬೇಕು. ಪಿಕಪ್ ಎಂಬ ವಾಹನಜಾತಿ ಅಮೆರಿಕದಲ್ಲಿ ಬೆಳೆದುದಾದ್ದರಿಂದ ಈ ವೃತ್ತಾಂತವೂ ಬಹುಮಟ್ಟಿಗೆ ಆ ದೇಶದ್ದೇ ಆಗಿರುವುದು ಅನಿವಾರ್ಯ.

ಭೂಗರ್ಭದ ಎಣ್ಣೆ ಬರುವುದಕ್ಕೆ ಮೊದಲು ಯಂತ್ರಗಳ ಕೀಲುಗಳಿಗೆ ಪ್ರಾಣಿಗಳ ಕೊಬ್ಬು ಮತ್ತು ಹರಳೆಣ್ಣೆಯಂಥ ಸಸ್ಯತೈಲಗಳೇ ಗತಿಯಾಗಿದ್ದವು. 1859ರಲ್ಲಿ ಪೆನ್ಸಿಲ್ವೇನಿಯದ ಟೈಟಸ್‌ವಿಲ್ಲಿನಲ್ಲಿ ಎಡ್ವಿನ್ ಡ್ರೇಕನ ಬಾವಿಯಲ್ಲಿ ಕಲ್ಲೆಣ್ಣೆ ದೊರೆತ ಕೆಲವೇ ವರ್ಷಗಳಲ್ಲಿ, ಅಂದರೆ 1866ರಲ್ಲಿ, ಜಾನ್ ಎಲ್ಲಿಸ್ ಎಂಬ ವೈದ್ಯನು ಅದರಿಂದ ಉಗಿಯಂತ್ರಗಳಿಗೆ ಯೋಗ್ಯವಾದ ಕೀಲೆಣ್ಣೆಯನ್ನು ತೆಗೆದನು. ವ್ಯಾಲ್ವೊಲಿನ್ ಎಂಬ ಹೆಸರಿನಿಂದ ಇಂದಿಗೂ ಮಾರಾಟವಾಗುತ್ತಿರುವ ಎಣ್ಣೆಯ ಮೂಲ ಅದು. ಎಣ್ಣೆ ಸವೆತವನ್ನು ತಡೆಯುವುದನ್ನು ಎಲ್ಲರೂ ಕಂಡಿದ್ದರು, ಹೇಗೆ ತಡೆಯುತ್ತದೆಂಬುದನ್ನು ಮಾತ್ರ ಯಾರೂ ಬಲ್ಲವರಾಗಿರಲಿಲ್ಲ. 1880ರ ದಶಕದಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್, ತಿರುಗುತ್ತಿರುವ ಅಚ್ಚಿನ ಮೇಲಣ ಬೇರಿಂಗಿನಲ್ಲಿ ಒಂದು ರಂಧ್ರವನ್ನು ಕೊರೆದು ಅದಕ್ಕೆ ಬಿರಡೆಯನ್ನು ಹೊಡೆದಾಗ, ಎಣ್ಣೆಯು ತನ್ನ ಒತ್ತಡದಿಂದಲೇ ಆ ಬಿರಡೆಯನ್ನು ಹೊರಕ್ಕೆ ತಳ್ಳಿತು. ಲೋಹಗಳೆರಡರ ನಡುವೆ ಭಾರವನ್ನು ಹೊರಬಲ್ಲ ಎಣ್ಣೆಯ ಪದರವೊಂದು ತಾನಾಗಿ ನಿರ್ಮಾಣವಾಗುತ್ತದೆಂಬ ತತ್ತ್ವವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ಪ್ರತಿಪಾದಿಸಿದನು. ಎಣ್ಣೆಯ ಸ್ನಿಗ್ಧತೆಗೆ ಇಷ್ಟೊಂದು ಮಹತ್ತ್ವ ಬಂದುದು ಅಲ್ಲಿಂದ ಮುಂದೆ. ಪದರವು ತೀರ ತೆಳುವಾದರೆ ಲೋಹಕ್ಕೆ ಲೋಹ ತಾಗುತ್ತದೆ, ತೀರ ಮಂದವಾದರೆ ಚಳಿಯ ಬೆಳಗಿನಲ್ಲಿ ಎಣ್ಣೆ ತಲಪಬೇಕಾದೆಡೆಗೆ ತಲಪುವುದೇ ಇಲ್ಲ. 1911ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್.ಎ.ಇ. ಎಣ್ಣೆಗಳನ್ನು ವರ್ಗೀಕರಿಸತೊಡಗಿತು, 20, 30, 40 ಎಂಬ ನಮ್ಮ ಪರಿಚಿತ ಅಂಕೆಗಳು ಈ ಪರಂಪರೆಯವು. ಅವು ಹರಿವಿನ ಮಂದತೆಯನ್ನು ತಿಳಿಸುತ್ತವೆಯೇ ಹೊರತು ಎಣ್ಣೆಯ ಒಳ್ಳೆಯದು ಕೆಟ್ಟದ್ದನ್ನು ಹೇಳುವುದಿಲ್ಲ. ಆದರೂ 40ರ ಎಣ್ಣೆ 30ರದಕ್ಕಿಂತ ‘ಶಕ್ತಿವಂತ’ವೆಂಬ ನಂಬಿಕೆ ಇಂದಿಗೂ ಗ್ಯಾರೇಜುಗಳಲ್ಲಿ ಚಿರಂಜೀವಿಯಾಗಿದೆ.

1925ರಲ್ಲಿ ಫೋರ್ಡ್ ಕಂಪನಿಯು ತನ್ನ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲಿಯೇ ಸಾಮಾನಿನ ಪೆಟ್ಟಿಗೆಯನ್ನು ಜೋಡಿಸಿ 281 ಡಾಲರುಗಳಿಗೆ ಮಾರತೊಡಗಿದಾಗ ಪಿಕಪ್ ಎಂಬುದು ತಯಾರಕನ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಆ ಎಂಜಿನ್ನಿಗೆ ಎಣ್ಣೆಯ ಪಂಪು ಇರಲಿಲ್ಲ, ಫಿಲ್ಟರು ಇರಲಿಲ್ಲ, ಮಟ್ಟವನ್ನು ನೋಡುವ ಡಿಪ್‌ಸ್ಟಿಕ್ಕೂ ಇರಲಿಲ್ಲ; ತಿರುಗುವ ಫ್ಲೈವೀಲು ಎರಚಿದ ಎಣ್ಣೆಯ ಒಂದಂಶ ಕೊಳವೆಯೊಂದರ ಮೂಲಕ ಮುಂಭಾಗಕ್ಕೆ ಹರಿದು ಬರುತ್ತಿದ್ದಿತು, ಕನೆಕ್ಟಿಂಗ್ ರಾಡುಗಳು ತಮ್ಮ ಕೆಳಗಿನ ದೋಣಿಗಳಲ್ಲಿ ಅದ್ದಿ ಎದ್ದು ತಮಗೆ ಬೇಕಾದುದನ್ನು ತಾವೇ ಸಂಪಾದಿಸಿಕೊಳ್ಳುತ್ತಿದ್ದವು. ಒಡೆಯನಾದವನು ಗಾಡಿಯ ಅಡಿಗೆ ಬಗ್ಗಿ, ಒಂದರ ಮೇಲೊಂದಿರುವ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಿ, ಎಣ್ಣೆ ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಇದೆಯೆಂದು ಖಚಿತಪಡಿಸಿಕೊಳ್ಳಬೇಕಾಗಿದ್ದಿತು.

ಫಿಲ್ಟರಿನ ಕಥೆ ಇದಕ್ಕೆ ಸ್ವಲ್ಪ ಮೊದಲೇ ಆರಂಭವಾಗಿದ್ದಿತು. 1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬಾತನು ಪ್ಯೂರೊಲೇಟರ್ ಎಂಬ ಶೋಧಕವನ್ನು ನಿರ್ಮಿಸಿದನು. ಮರುವರ್ಷ ಬಂದ ಕ್ರೈಸ್ಲರ್ ಕಾರು ಎಣ್ಣೆಯ ಫಿಲ್ಟರನ್ನು ಹೊತ್ತೇ ಬಂದಿತು. ಆದರೆ ಸಾಮಾನು ಹೊರುವ ಗಾಡಿಗೆ ಆ ಭಾಗ್ಯ ಬೇಗನೆ ಒದಗಲಿಲ್ಲ. ಷೆವರ್ಲೆ ಪಿಕಪ್ಪುಗಳಲ್ಲಿ 1953ರವರೆಗೆ ಬಂದ 216 ಘನ ಅಂಗುಲದ ಆರು ಸಿಲಿಂಡರಿನ ಎಂಜಿನ್ನಿನಲ್ಲಿ, ಮಾಡೆಲ್ ಟಿಯಂತೆಯೇ, ರಾಡುಗಳ ಬುಡಕ್ಕೆ ಅದ್ದುವ ಕ್ರಮವೇ ಮುಂದುವರಿದಿದ್ದಿತು. ಮೆತುವಾದ ಬ್ಯಾಬಿಟ್ ಲೋಹವನ್ನು ಎರಕ ಹೊಯ್ದ ಬೇರಿಂಗುಗಳಿದ್ದವು. ಫಿಲ್ಟರು ಬೇಕೆಂದವರು ಪ್ರತ್ಯೇಕವಾಗಿ ಹಣ ತೆರಬೇಕಾಗಿದ್ದಿತು. ಹಾಗೆ ತೆತ್ತರೂ ಸಿಗುತ್ತಿದ್ದುದು ಬೈಪಾಸ್ ಫಿಲ್ಟರು. ಎಂದರೆ ಪಂಪಿನಿಂದ ಹೊರಟ ಎಣ್ಣೆಯ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಅದರ ಮೂಲಕ ಸುತ್ತಿ, ಎಂಜಿನ್ನಿನ ತಳದ ಎಣ್ಣೆತೊಟ್ಟಿಯಾದ ಸಂಪಿಗೆ ಮರಳುವುದು, ಉಳಿದುದು ಶೋಧನೆಯಿಲ್ಲದೆ ನೇರವಾಗಿ ಬೇರಿಂಗಿಗೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೂ, ಮುಂಬಯಿಯ ಮಹೀಂದ್ರ ಸಂಸ್ಥೆ ಅದನ್ನು ನಮ್ಮಲ್ಲಿ ಜೋಡಿಸತೊಡಗಿದಾಗ ನಮ್ಮ ಕಾಫಿತೋಟಗಳಿಗೂ ಅರಣ್ಯ ಇಲಾಖೆಗೂ ಬಂದ ಜೀಪಿಗೂ ಇದ್ದುದು ಇಂಥದೇ ಡಬ್ಬಿ. ಇದನ್ನು ಹಳೆಯ ಕಾಲದ ಅರೆಬರೆ ವ್ಯವಸ್ಥೆಯೆಂದು ತಳ್ಳಿಹಾಕುವುದು ಸರಿಯಲ್ಲ. ಅಲ್ಪವನ್ನೇ ಶೋಧಿಸುವುದರಿಂದ ಬೈಪಾಸ್ ಫಿಲ್ಟರು ಬಹು ಸೂಕ್ಷ್ಮವಾಗಿ ಶೋಧಿಸಬಲ್ಲುದು. ಅಮೆರಿಕದಲ್ಲಿ ಶೌಚಗೃಹದ ಕಾಗದದ ಸುರುಳಿಯನ್ನೇ ಒಳಗಿಟ್ಟು ಬಳಸುವ ಬೈಪಾಸ್ ಫಿಲ್ಟರೊಂದು ಬಹುಕಾಲ ಮಾರಾಟವಾಯಿತು. ನಗುವವರು ನಕ್ಕರೂ ಅದರ ಶೋಧನಶಕ್ತಿಯನ್ನು ಅಲ್ಲಗಳೆದವರು ಕಡಮೆ.

ಎಣ್ಣೆಯೆಲ್ಲವೂ ಪ್ರತಿ ಸುತ್ತಿನಲ್ಲಿ ಹಾದುಹೋಗುವ ಪೂರ್ಣಪ್ರವಾಹದ ಫಿಲ್ಟರು ಯುದ್ಧಾನಂತರ ಬಳಕೆಗೆ ಬಂದಿತು. 1950ರ ದಶಕದ ಮಧ್ಯದಲ್ಲಿ ಕೈಯಿಂದ ತಿರುಗಿಸಿ ಕೂರಿಸುವ ಸ್ಪಿನ್-ಆನ್ ಡಬ್ಬಿಯೂ ಬಂದಿತು. ಷೆವರ್ಲೆಯ ವಿ-8 ಎಂಜಿನ್ನುಗಳು ಮಾತ್ರ 1967ರವರೆಗೆ ಒಳಗಿನ ಸುರುಳಿಯನ್ನಷ್ಟೇ ಬದಲಾಯಿಸುವ ಹಳೆಯ ಪಾತ್ರೆಯನ್ನೇ ಇಟ್ಟುಕೊಂಡಿದ್ದವು. ಪೂರ್ಣಪ್ರವಾಹದೊಡನೆ ಒಂದು ಹೊಸ ಅಪಾಯವೂ ಬಂದಿತು: ಫಿಲ್ಟರು ಕಟ್ಟಿಕೊಂಡರೆ ಎಂಜಿನ್ನು ಎಣ್ಣೆಯಿಲ್ಲದೆ ಸಾಯುವುದು. ಅದಕ್ಕಾಗಿ, ಒತ್ತಡದ ಅಂತರ ಮಿತಿಮೀರಿದೊಡನೆ ತೆರೆದು ಶೋಧಿಸದ ಎಣ್ಣೆಯನ್ನಾದರೂ ಬಿಡುವ ಬೈಪಾಸ್ ಕವಾಟವನ್ನು ಇಟ್ಟರು. ಈ ಕವಾಟವನ್ನು ಷೆವರ್ಲೆಯ ಚಿಕ್ಕ ವಿ-8 ಎಂಜಿನ್ನುಗಳಲ್ಲಿ ಎಂಜಿನ್ ಬ್ಲಾಕಿನ ಬದಿಯಲ್ಲಿಯೂ, ಫೋರ್ಡಿನಲ್ಲಿ ಫಿಲ್ಟರಿನ ಒಳಗೂ ಇಟ್ಟಿದ್ದಾರೆ. ಆದುದರಿಂದ ತಿರುಪಿನ ಸುತ್ತು ಹೊಂದಿತೆಂದ ಮಾತ್ರಕ್ಕೆ ಯಾವ ಡಬ್ಬಿಯನ್ನಾದರೂ ಯಾವ ಎಂಜಿನ್ನಿಗಾದರೂ ತಿರುಗಿಸಿ ಕೂರಿಸುವುದು ಅವಿವೇಕ. ಫಿಲ್ಟರು ಅಡ್ಡವಾಗಿ ಕೂರುವ ಎಂಜಿನ್ನುಗಳಲ್ಲಿ, ನಿಂತಾಗ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ಪೊರೆಯೂ ಮುಖ್ಯ. ಬಿಸಿಗೆ ಗಡುಸಾಗುವ ಸಾಮಾನ್ಯ ರಬ್ಬರಿಗಿಂತ ಸಿಲಿಕೋನಿನದು ಬಾಳುತ್ತದೆ. ಬೆಳಗ್ಗೆ ಚಾಲೂ ಮಾಡಿದೊಡನೆ ಕ್ಷಣಕಾಲ ಕೇಳಿಸುವ ಟ್ಯಾಪೆಟ್ಟುಗಳ ಗದ್ದಲಕ್ಕೆ ಎಷ್ಟೋ ವೇಳೆ ಈ ಪೊರೆಯೇ ಕಾರಣ, ಬಯ್ಗುಳ ಮಾತ್ರ ಎಣ್ಣೆಗೆ.

ಎಣ್ಣೆಯ ರಸಾಯನದಲ್ಲಿ ಮೊದಲ ದೊಡ್ಡ ತಿರುವನ್ನು ತಂದುದು ಡೀಸೆಲ್. 1930ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರುಗಳ ಡೀಸೆಲ್ ಎಂಜಿನ್ನುಗಳಲ್ಲಿ ಮಸಿ ಕಟ್ಟಿ ಪಿಸ್ಟನ್ ರಿಂಗುಗಳು ಹಿಡಿದುಕೊಳ್ಳುತ್ತಿದ್ದುದರಿಂದ, ಕೊಳೆಯನ್ನು ಬಿಡಿಸಿ ತನ್ನಲ್ಲಿ ತೇಲಿಸಿಕೊಂಡಿರುವ ಡಿಟರ್ಜೆಂಟ್ ಎಣ್ಣೆಗಳು ಹುಟ್ಟಿದವು. ಹಳೆಯ ಗಾಡಿಗಳವರಲ್ಲಿ ಇಂದಿಗೂ ನಡೆಯುವ ಒಂದು ವಿವಾದದ ಬೀಜ ಇಲ್ಲಿದೆ. ಫಿಲ್ಟರಿಲ್ಲದ ಎಂಜಿನ್ನಿನಲ್ಲಿ ಡಿಟರ್ಜೆಂಟ್ ಇಲ್ಲದ ಎಣ್ಣೆಯೇ ಲೇಸು, ಕೊಳೆ ಸಂಪಿನ ತಳದಲ್ಲಿ ಕೂತಿರುತ್ತದೆ ಎಂಬುದು ಒಂದು ಪಕ್ಷ. ದಶಕಗಳ ಕೆಸರು ತುಂಬಿದ, ಎಂದೂ ಬಿಚ್ಚದ ಎಂಜಿನ್ನಿನ ಮಟ್ಟಿಗೆ ಆ ಮಾತಿನಲ್ಲಿ ಸತ್ಯಾಂಶ ಉಂಟು. ಇದ್ದಕ್ಕಿದ್ದಂತೆ ಡಿಟರ್ಜೆಂಟ್ ಎಣ್ಣೆಯನ್ನು ಸುರಿದರೆ ಸಡಿಲಿಸಿದ ಕೆಸರು ಎಣ್ಣೆಯ ದಾರಿಗೆ ಅಡ್ಡ ಬಂದೀತು. ಆದರೆ ಒಮ್ಮೆ ಬಿಚ್ಚಿ ತೊಳೆದು ಕಟ್ಟಿದ ಎಂಜಿನ್ನಿಗೆ ಡಿಟರ್ಜೆಂಟ್ ಎಣ್ಣೆಯನ್ನೇ ಹಾಕಿ, ಬೇಗ ಬೇಗ ಬದಲಿಸುವುದು ಉಚಿತವೆಂದು ನನ್ನ ಮತ.

1947ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎ.ಪಿ.ಐ. ಎಣ್ಣೆಗಳನ್ನು ಸಾಮಾನ್ಯ, ಉತ್ತಮ, ಕಠಿನ ಸೇವೆ ಎಂದು ಮೂರಾಗಿ ವಿಂಗಡಿಸಿತು. 1970ರ ದಶಕದ ಆದಿಯಲ್ಲಿ ಪೆಟ್ರೋಲಿಗೆ ಎಸ್, ಡೀಸೆಲಿಗೆ ಸಿ ಎಂಬ ಅಕ್ಷರಗಳಿಂದ ಮೊದಲಾಗುವ ಇಂದಿನ ಸರಣಿ ಬಂದಿತು. ಎಸ್‌ಎ ಎಂಬುದು 1930ರ ಅನಂತರದ ಎಂಜಿನ್ನಿಗೆ ತಗದು, ಎಸ್‌ಬಿ 1951ರ ಅನಂತರದ್ದಕ್ಕೆ ತಗದು ಎಂದು ಆ ಸಂಸ್ಥೆಯೇ ಸಾರಿದೆ. ಆದರೂ ಅಗ್ಗದ ಡಬ್ಬಿಯ ಹಿಂಬದಿಯಲ್ಲಿ ಸಣ್ಣಕ್ಷರದ ಎಸ್‌ಎ ಗುರುತು ಕಾಣಸಿಗುವುದುಂಟು. 1980ರ ಎಸ್‌ಎಫ್, 1989ರ ಎಸ್‌ಜಿ, 2001ರ ಎಸ್‌ಎಲ್, 2010ರ ಎಸ್‌ಎನ್, 2020ರ ಎಸ್‌ಪಿ, ಹೀಗೆ ಅಕ್ಷರ ಮುಂದುವರಿದಂತೆಲ್ಲ ಕೆಸರು ಕಟ್ಟದಿರುವ, ಬಿಸಿಗೆ ಹಾಳಾಗದಿರುವ ಗುಣಗಳು ಹೆಚ್ಚುತ್ತ ಬಂದವು. ಹೊಸದು ಹಳೆಯದರ ಸ್ಥಾನದಲ್ಲಿ ನಿಲ್ಲಬಲ್ಲುದೆಂಬುದು ಈ ಸರಣಿಯ ಪ್ರತಿಜ್ಞೆ. ಆ ಪ್ರತಿಜ್ಞೆಯಲ್ಲಿ ಬಿರುಕು ಕಂಡುದು ಒಂದೇ ಒಂದು ಕಡೆ. ಹಳೆಯ ಪಿಕಪ್ಪಿನ ಒಡೆಯನು ನಿಂತು ಯೋಚಿಸಬೇಕಾದುದೂ ಅಲ್ಲಿಯೇ.

ಜಿಂಕ್ ಡಯಾಲ್ಕಿಲ್ ಡೈಥಯೋಫಾಸ್ಫೇಟ್ ಎಂಬ ಸಂಯುಕ್ತವು 1940ರ ದಶಕದ ಮೊದಲಲ್ಲಿ, ಬೇರಿಂಗುಗಳನ್ನು ಎಣ್ಣೆಯ ಆಮ್ಲದಿಂದ ರಕ್ಷಿಸಲೆಂದು ಎಣ್ಣೆಗೆ ಸೇರಿತು. ಅದು ಲೋಹದ ಮೇಲೆ ತೆಳುವಾದ ಗಾಜಿನಂಥ ಪದರವನ್ನು ಕಟ್ಟಿ, ಎಣ್ಣೆಯ ಪದರ ಸೋತಲ್ಲಿಯೂ ಸವೆತವನ್ನು ತಡೆಯುವುದೆಂಬುದು ಆಮೇಲೆ ವ್ಯಕ್ತವಾಯಿತು. ಹಳೆಯ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟಿನ ಉಬ್ಬು, ಉರುಳೆಯಿಲ್ಲದ ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜಿಕೊಂಡೇ ಸಾಗುತ್ತದೆ. ಎಂಜಿನ್ನಿನಲ್ಲಿ ಇಷ್ಟು ಕಿರಿದಾದ ಸ್ಥಳದಲ್ಲಿ ಇಷ್ಟು ಒತ್ತಡ ಬೀಳುವ ಸಂಧಿ ಬೇರೆಯಿಲ್ಲ. 1965ರಿಂದ 1996ರವರೆಗೆ ಫೋರ್ಡ್ ಪಿಕಪ್ಪುಗಳಲ್ಲಿ ಸೇವೆ ಸಲ್ಲಿಸಿದ 300 ಘನ ಅಂಗುಲದ ಆರು ಸಿಲಿಂಡರಿನ ಎಂಜಿನ್ನು ಕೊನೆಯವರೆಗೂ ಈ ಚಪ್ಪಟೆ ಟ್ಯಾಪೆಟ್ಟುಗಳದೇ ಆಗಿದ್ದಿತು. ಆದರೆ 1975ರಿಂದ ಅಮೆರಿಕದ ವಾಹನಗಳಿಗೆ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಬಂದಿತು, ಆ ಸಂಯುಕ್ತದಲ್ಲಿರುವ ರಂಜಕ ಅದಕ್ಕೆ ವಿಷಪ್ರಾಯ. ಆದುದರಿಂದ ಇಂಧನ ಉಳಿಸುವ ತೆಳು ದರ್ಜೆಗಳಲ್ಲಿ ರಂಜಕದ ಗರಿಷ್ಠ ಮಿತಿಯನ್ನು 1990ರ ದಶಕದಲ್ಲಿ ಶೇಕಡ 0.12ರಿಂದ 0.10ಕ್ಕೂ, 2004ರ ಎಸ್‌ಎಂ ದರ್ಜೆಯಲ್ಲಿ 0.08ಕ್ಕೂ ಇಳಿಸಿದರು. ಹೊಸ ಎಂಜಿನ್ನುಗಳ ಕ್ಯಾಮಿಗೆ ಉರುಳೆಗಳಿದ್ದುದರಿಂದ ಅವಕ್ಕೆ ನಷ್ಟವಿಲ್ಲ. ಹೊಸದಾಗಿ ಕೂರಿಸಿದ ಚಪ್ಪಟೆ ಕ್ಯಾಮುಗಳು ಬೇಗ ಸವೆಯುತ್ತವೆಂಬ ದೂರು ಹಳೆಯ ಎಂಜಿನ್ ಕಟ್ಟುವವರಿಂದ ಎದ್ದಿತು.

ಈ ದೂರನ್ನು ಎಷ್ಟು ಮಟ್ಟಿಗೆ ನಂಬತಕ್ಕದ್ದು? ಎಸ್‌ಎಲ್ ಕಾಲದಿಂದ ಕ್ಯಾಮಿನ ಸವೆತವನ್ನು ಪರೀಕ್ಷಿಸುತ್ತಿದ್ದ ಪ್ರಮಾಣಿತ ಕ್ರಮದಲ್ಲಿ ಬಳಸುತ್ತಿದ್ದುದು 1994ರ ಮಾದರಿಯ ನಿಸಾನ್ ಕೆಎ24ಇ ಎಂಜಿನ್ನು; ನಿಸಾನಿನ ಪಿಕಪ್ಪುಗಳಲ್ಲಿ ಇದ್ದುದೂ ಈ ಎಂಜಿನ್ನೇ, ಅದರ ಕ್ಯಾಮು ಉಜ್ಜಿಕೊಂಡು ಸಾಗುವ ಜಾತಿಯದೇ. ಆದುದರಿಂದ ಜಾರುವ ಕ್ಯಾಮನ್ನು ಮರೆತೇ ಹೊಸ ಎಣ್ಣೆಯನ್ನು ಮಾಡಿದರೆಂಬುದು ಅತಿಶಯೋಕ್ತಿ. ಮೆದು ಸ್ಪ್ರಿಂಗುಗಳ, ಲಕ್ಷಾಂತರ ಕಿಲೋಮೀಟರು ಓಡಿ ಹದಗೊಂಡ ಹಳೆಯ ಕ್ಯಾಮಿಗೆ ಇಂದಿನ ಎಣ್ಣೆ ಸಾಕೆಂದೇ ನಾನು ತಿಳಿಯುತ್ತೇನೆ. ಹೊಸ ಕ್ಯಾಮನ್ನು ಕೂರಿಸಿದಾಗಿನ ಮೊದಲ ಗಂಟೆಗಳ ಪಳಗಿಸುವಿಕೆಗೆ, ಗಡುಸು ಸ್ಪ್ರಿಂಗುಗಳಿರುವ ಎಂಜಿನ್ನಿಗೆ ಮಾತ್ರ ಜಿಂಕ್ ಹೆಚ್ಚಿರುವ ಎಣ್ಣೆ ಬೇಕು. ಅದನ್ನು ಪಡೆಯುವ ಸುಲಭ ದಾರಿಯೂ ನಿಯಮದಲ್ಲಿಯೇ ಇದೆ: ಚಳಿಯ ಹರಿವನ್ನು ಮೊದಲ ಅಂಕೆಯಿಂದಲೂ ಬಿಸಿಯ ಹರಿವನ್ನು ಎರಡನೆಯದರಿಂದಲೂ ತಿಳಿಸುವ ಎಣ್ಣೆಗಳಲ್ಲಿ, ರಂಜಕದ ಆ ಮಿತಿ 10ಡಬ್ಲ್ಯು-30ರಂಥ ದರ್ಜೆಗಳಿಗೆ ಅನ್ವಯಿಸುವುದೇ ಹೊರತು 10ಡಬ್ಲ್ಯು-40, 20ಡಬ್ಲ್ಯು-50ರಂಥ ಮಂದ ದರ್ಜೆಗಳಿಗಲ್ಲ. ಬಾಟಲಿಗಳಲ್ಲಿ ಮಾರುವ ಜಿಂಕ್ ರಸಾಯನವನ್ನು ಅಳತೆಯಿಲ್ಲದೆ ಬೆರಸುವುದು ಬೇಡ. ಮಿತಿಮೀರಿದ ರಂಜಕದಿಂದ ಲೋಹದ ಮೈ ಚಕ್ಕೆಯೇಳುವುದೂ ಉಂಟು.

1970ರ ದಶಕದಲ್ಲಿ ಮೊಬಿಲ್ 1 ಮೊದಲಾದ ಸಂಶ್ಲೇಷಿತ ಎಣ್ಣೆಗಳು ಪೇಟೆಗೆ ಬಂದವು. ಹಿಮ ಬೀಳುವ ಊರಿನಲ್ಲಿ ಅವುಗಳ ಉಪಕಾರ ಪ್ರತ್ಯಕ್ಷ; ಬಯಲುಸೀಮೆಯ ಹಳೆಯ ಗಾಡಿಗೆ ಬೆಲೆಯೇ ಹೆಚ್ಚು. ಫಿಲ್ಟರಿನ ವಿಷಯದಲ್ಲಾದರೋ 1988ರಲ್ಲಿ ಪ್ರಕಟವಾದ, ಜನರಲ್ ಮೋಟರ್ಸಿನವರ ಪ್ರಬಂಧವೊಂದು ಎಲ್ಲ ಊಹಾಪೋಹಗಳಿಗಿಂತ ಬೆಲೆಯುಳ್ಳದ್ದು: 40 ಮೈಕ್ರಾನಿನ ಶೋಧನೆಗೆ ಹೋಲಿಸಿದರೆ 30 ಮೈಕ್ರಾನಿನಲ್ಲಿ ಎಂಜಿನ್ನಿನ ಸವೆತ ಶೇಕಡ 50ರಷ್ಟೂ, 15 ಮೈಕ್ರಾನಿನಲ್ಲಿ ಶೇಕಡ 70ರಷ್ಟೂ ತಗ್ಗಿತೆಂದು ಅದು ತೋರಿಸಿತು. ಇದನ್ನು ಓದಿದ ಮೇಲೆ, ಎಣ್ಣೆಯ ಬ್ರಾಂಡಿಗಾಗಿ ಹೊಡೆದಾಡಿ ಫಿಲ್ಟರನ್ನು ಮಾತ್ರ ಅತ್ಯಗ್ಗದ್ದನ್ನೇ ಕೊಳ್ಳುವವರ ವಿವೇಕವನ್ನು ಕುರಿತು ಸಂದೇಹ ಬರುತ್ತದೆ.

ಡೀಸೆಲ್ ಪಿಕಪ್ಪುಗಳದು ಬೇರೆಯ ಲೆಕ್ಕ. 1994ರಿಂದ 2003ರವರೆಗಿನ ಫೋರ್ಡ್ 7.3 ಲೀಟರಿನ ಪವರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನವನ್ನು ಚಿಮ್ಮಿಸುವ ಇಂಜೆಕ್ಟರುಗಳನ್ನು ನಡೆಸುವುದೂ ಎಂಜಿನ್ ಎಣ್ಣೆಯ ಒತ್ತಡವೇ ಆದ್ದರಿಂದ, ನೊರೆಯೇಳುವ ಎಣ್ಣೆ ಅಲ್ಲಿ ಗಾಡಿಯ ಓಟವನ್ನೇ ಕೆಡಿಸುತ್ತದೆ. 2016ರ ಕೊನೆಯಲ್ಲಿ ಒಟ್ಟಿಗೇ ಬಂದ ಎರಡು ದರ್ಜೆಗಳಲ್ಲಿ ಸಿಕೆ-4 ಹಳೆಯ ಡೀಸೆಲಿಗೆ ಸಲ್ಲುತ್ತದೆ. ಎಫ್‌ಎ-4 ಬಿಸಿಯಲ್ಲಿ ತೀರ ತೆಳುವಾಗಿರುವುದರಿಂದ ಸಲ್ಲದು. ನಮ್ಮ ನಾಡಿನ ಹಳೆಯ ಟಾಟಾ 207, ಮಹೀಂದ್ರ ಪಿಕಪ್ಪುಗಳವರಿಗೆ ಉಪಯೋಗವಾಗುವ ಮಾತು ಇನ್ನೊಂದಿದೆ. ಗಂಧಕ ಉರಿದು ಹುಟ್ಟುವ ಆಮ್ಲವನ್ನು ತಣಿಸಲೆಂದೇ ಹಳೆಯ ಡೀಸೆಲ್ ಎಣ್ಣೆಗಳಲ್ಲಿ ಕ್ಷಾರಾಂಶವನ್ನು ಹೆಚ್ಚಾಗಿ ಇಡುತ್ತಿದ್ದರು. 2000ದ ಸುಮಾರಿನಲ್ಲಿ ನಮ್ಮ ಡೀಸೆಲಿನಲ್ಲಿ ಹತ್ತುಲಕ್ಷಕ್ಕೆ 2500 ಭಾಗದವರೆಗೆ ಗಂಧಕಕ್ಕೆ ಅವಕಾಶವಿದ್ದಿತು. 2020ರ ಏಪ್ರಿಲಿನಿಂದ ದೇಶದಲ್ಲೆಲ್ಲ ಅದರ ಮಿತಿ 10 ಭಾಗ. ಗಾಡಿ ಹಳೆಯದಾದರೂ ಅದು ಕುಡಿಯುವ ಇಂಧನ ಹೊಸದು. ಕ್ಷಾರ ಕಡಮೆಯೆಂಬ ಒಂದೇ ಕಾರಣದಿಂದ 15ಡಬ್ಲ್ಯು-40ರ ಹೊಸ ದರ್ಜೆಯ ಎಣ್ಣೆಯನ್ನು ದೂರವಿಡಬೇಕಾಗಿಲ್ಲ. ಹತ್ತಿಪ್ಪತ್ತು ಕಿಲೋಮೀಟರಿನ ಸಂತೆಯೋಟದಲ್ಲಿ ಎಣ್ಣೆಗೆ ಬೆರೆಯುವ ನೀರು, ಉರಿಯದ ಇಂಧನ, ಮಸಿ ಇವು ಗಂಧಕದಂತೆ ಕಡಮೆಯಾಗಿಲ್ಲವಾದ್ದರಿಂದ, ಬದಲಾಯಿಸುವ ಅವಧಿಯನ್ನು ಮಾತ್ರ ಹಳೆಯ ಕೈಪಿಡಿಯಲ್ಲಿರುವಂತೆಯೇ ಇಟ್ಟುಕೊಳ್ಳುವುದು ಒಳ್ಳೆಯದು.