ಪ್ರವೇಶ ಪರೀಕ್ಷೆ ಮತ್ತು ಕನ್ನಡ ಮಾಸ್ತರರು



ರೋಣ, ನರಗುಂದ, ಗಜೇಂದ್ರಗಡದ ಕಡೆ ಪಿಯುಸಿ ವಿಜ್ಞಾನ ಓದುವವರಿಗೆ ‘ಸಿಇಟಿಗೆ ಇದು ಬರುವುದಿಲ್ಲ’ ಎಂಬ ಮಾತು ಚಿರಪರಿಚಿತ. ಕನ್ನಡದ ಪುಸ್ತಕ ಮುಚ್ಚಿಡಲು ಆ ಒಂದು ಮಾತು ಸಾಕು. ಆದರೆ ಇದರ ಬೇರು ಬಹಳ ಹಳೆಯದು.

ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಮರುವರ್ಷ ನರಗುಂದದ ಬಾಬಾಸಾಹೇಬನ ಬಂಡಾಯ ಅಡಗಿ, ಆ ಸಂಸ್ಥಾನ ಬ್ರಿಟಿಷರ ವಶವಾಯಿತು. ಅಂದು ಧಾರವಾಡ ಜಿಲ್ಲೆಯ ಹುಡುಗರಿಗೆ ಕಾಲೇಜಿನ ಬಾಗಿಲೆಂದರೆ ಮುಂಬಯಿಯ ಮೆಟ್ರಿಕ್ ಪರೀಕ್ಷೆ. 1859ರಲ್ಲಿ ಆರಂಭವಾದ ಆ ಪರೀಕ್ಷೆಯಲ್ಲಿ ಕನ್ನಡಕ್ಕೂ ಎಡೆಯಿತ್ತು. ಆದರೆ 1860ರ ದಶಕದಲ್ಲಿ ಮೇಲಿನ ಪರೀಕ್ಷೆಗಳಿಂದ ದೇಶಭಾಷೆಗಳನ್ನು ಕೈಬಿಟ್ಟು, ಸಂಸ್ಕೃತದಂಥ ಪ್ರಾಚೀನ ಭಾಷೆಗಳನ್ನು ಉಳಿಸಿಕೊಂಡರು. ಮುಂದೆ ಓದಬೇಕೆನ್ನುವವನಿಗೆ ಹೈಸ್ಕೂಲಿನಲ್ಲೇ ಸಂಸ್ಕೃತ ಹಿಡಿಯುವುದು ಲಾಭದ ಮಾತಾಯಿತು. ಜಾಣ ಹುಡುಗರು ಅತ್ತ ಸರಿದರೆ ಕನ್ನಡ ಕಲಿಸುವವರ ಉತ್ಸಾಹ ಉಳಿಯುವುದು ಹೇಗೆ? ಈ ನೀತಿಯ ವಿರುದ್ಧ ಮಹಾದೇವ ಗೋವಿಂದ ರಾನಡೆಯವರು ಬಹುಕಾಲ ವಾದಿಸಿದರು. ಇತ್ತ ಕನ್ನಡದ ಏಳಿಗೆಗಾಗಿ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು.

ಕಾಲ ಬದಲಾಯಿತು, ರಾಜ್ಯ ಒಂದಾಯಿತು. 1994ರಲ್ಲಿ ಸಿಇಟಿ ಬಂತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳಿಗೆ ಅಲ್ಲಿ ತಲಾ 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಕನ್ನಡದ ಅಂಕ ಸೇರುವುದಿಲ್ಲ. ಸ್ವಾರಸ್ಯವೆಂದರೆ, ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಸೀಟು ಕೇಳುವವರು ಮಾತ್ರ ಕನ್ನಡ ಪರೀಕ್ಷೆ ಬರೆಯಬೇಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿಯೂ ಉಂಟು. ನೆಲದ ಭಾಷೆಗೆ ಮಾನ್ಯತೆ ಇದೆ. ತರಗತಿಯ ಕನ್ನಡಕ್ಕೆ ಬೆಲೆಯಿಲ್ಲ!

ಇಂಥಲ್ಲಿ ಭಾಷೆಯ ಅಧ್ಯಾಪಕರ ಮುಂದೆ ಎರಡು ದಾರಿಗಳಿವೆ. ‘ಪಾಸಾದರೆ ಸಾಕಲ್ಲವೇ’ ಎಂದು ನೋಟ್ಸ್ ಬರೆಸಿ ಮುಗಿಸುವುದು ಒಂದು. ಅಂಕದ ಹಂಗಿಲ್ಲದ ಈ ಒಂದು ಗಂಟೆಯಲ್ಲಿ ಮನಬಿಚ್ಚಿ ಪಾಠ ಹೇಳುವುದು ಇನ್ನೊಂದು.

ಶ್ರೀಲಂಕಾದ ಶಾಲೆಗಳಲ್ಲಿ ಹೊಸ ಇಂಗ್ಲಿಷ್ ಪರೀಕ್ಷೆಯ ಪರಿಣಾಮವನ್ನು ಅಧ್ಯಯನ ಮಾಡಿದ ಡಯೇನ್ ವಾಲ್ ಮತ್ತು ಚಾರ್ಲ್ಸ್ ಆಲ್ಡರ್ಸನ್ 1993ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ಪರೀಕ್ಷೆಯು ಅಧ್ಯಾಪಕರು ಏನು ಕಲಿಸುತ್ತಾರೆಂಬುದನ್ನು ಬದಲಿಸಿತು, ಹೇಗೆ ಕಲಿಸುತ್ತಾರೆಂಬುದನ್ನು ಅಷ್ಟಾಗಿ ಬದಲಿಸಲಿಲ್ಲ. ಅಂದರೆ ಪಾಠದ ಜೀವ ಪ್ರಶ್ನೆಪತ್ರಿಕೆಯ ಕೈಯಲ್ಲಿಲ್ಲ, ಮಾಸ್ತರರ ಕೈಯಲ್ಲಿದೆ. ಅರ್ಧ ನಿಮ್ಮ ಕೈಯಲ್ಲೂ ಇದೆ. ಕೇಳುವ ವಿದ್ಯಾರ್ಥಿ ಒಬ್ಬನಿದ್ದರೂ ಹೇಳುವವರ ದನಿ ಬೇರೆಯಾಗುತ್ತದೆ. ನಾಳೆಯ ಕನ್ನಡ ತರಗತಿಯಲ್ಲಿ, ಪರೀಕ್ಷೆಗೆ ಬಾರದ ಒಂದು ಪ್ರಶ್ನೆಯನ್ನು ಕೇಳಿ ನೋಡಿ.