ಅಂಗಡಿ ಕಂಪ್ಯೂಟರ್‌ಗೆ ಎನ್100 ಸಾಕಾ, ಐ3 ಬೇಕಾ? ವೇಗ, ಕರೆಂಟ್ ಖರ್ಚಿನ ಲೆಕ್ಕ ಇಲ್ಲಿದೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಕಂಪ್ಯೂಟರ್‌ನಲ್ಲೇ ಬಿಲ್ ಹಾಕುತ್ತಿದ್ದ ಕಿರಾಣಿ, ಮೆಡಿಕಲ್, ಗೊಬ್ಬರದ ಅಂಗಡಿಯವರು ಈಗ ಹೊಸದು ನೋಡಲೇಬೇಕಾಗಿದೆ. ಅಂಗಡಿಗೆ ಹೋದರೆ ಎರಡು ಹೆಸರು ಹೆಚ್ಚಾಗಿ ಕೇಳಿಬರುತ್ತವೆ: ಅಂಗೈ ಅಗಲದ ಮಿನಿ ಪಿಸಿಯಲ್ಲಿ ಬರುವ ಇಂಟೆಲ್ ಎನ್100 ಮತ್ತು ದೊಡ್ಡ ಡಬ್ಬದ ಡೆಸ್ಕ್‌ಟಾಪ್‌ನಲ್ಲಿ ಬರುವ ಇಂಟೆಲ್ ಕೋರ್ ಐ3-12100. ಯಾವುದು ಯಾರಿಗೆ ಸರಿ?

ಎರಡರ ಜಾತಕ

ಐ3-12100 ಬಂದಿದ್ದು 2022ರಲ್ಲಿ, ಎನ್100 ಬಂದಿದ್ದು 2023ರಲ್ಲಿ. ಎರಡೂ ಒಂದೇ ಮನೆತನದವು, ಎರಡರಲ್ಲೂ ನಾಲ್ಕು ನಾಲ್ಕು ಕೋರ್. ಹಾಗಂತ ಎರಡೂ ಒಂದೇ ಅಲ್ಲ. ಐ3ಯಲ್ಲಿರುವುದು ವೇಗಕ್ಕಾಗಿ ಮಾಡಿದ ದೊಡ್ಡ ಕೋರ್. ಎನ್100ನಲ್ಲಿರುವುದು ಕರೆಂಟ್ ಉಳಿಸಲು ಮಾಡಿದ ಸಣ್ಣ ಕೋರ್. ನಾಲ್ಕು ಎತ್ತು ಮತ್ತು ನಾಲ್ಕು ಕರು ಎರಡೂ ಎಣಿಕೆಯಲ್ಲಿ ನಾಲ್ಕೇ, ಎಳೆಯುವ ಭಾರ ಮಾತ್ರ ಬೇರೆ.

* ಗರಿಷ್ಠ ವೇಗ: ಎನ್100 – 3.4 ಗಿಗಾಹರ್ಟ್ಸ್, ಐ3 – 4.3 ಗಿಗಾಹರ್ಟ್ಸ್
* ಥ್ರೆಡ್: ಎನ್100 – 4, ಐ3 – 8
* ಕ್ಯಾಶ್ ಮೆಮೊರಿ: ಎನ್100 – 6 ಎಂಬಿ, ಐ3 – 12 ಎಂಬಿ
* ಕಂಪನಿ ಹೇಳುವ ವಿದ್ಯುತ್ ಮಟ್ಟ: ಎನ್100 – 6 ವ್ಯಾಟ್, ಐ3 – 60 ವ್ಯಾಟ್, ಜೋರು ಕೆಲಸದಲ್ಲಿ 89 ವ್ಯಾಟ್‌ವರೆಗೆ

ವೇಗದಲ್ಲಿ ಎಷ್ಟು ಅಂತರ?

ಒಂದೇ ಕೋರ್ ಬಳಸುವ ಕೆಲಸದಲ್ಲಿ ಐ3, ಎನ್100ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ವೇಗ. ಎಲ್ಲ ಕೋರ್ ಒಟ್ಟಿಗೆ ದುಡಿಯುವ ಕೆಲಸದಲ್ಲಿ ಹೆಚ್ಚು ಕಡಿಮೆ ಎರಡೂವರೆ ಪಟ್ಟು. ಆದರೆ ಬಿಲ್ ಹಾಕುವುದು, ಟ್ಯಾಲಿ, ನುಡಿಯಲ್ಲಿ ಪತ್ರ ಟೈಪ್ ಮಾಡುವುದು, ಜಿಎಸ್‌ಟಿ ಪೋರ್ಟಲ್ ತೆರೆಯುವುದು ಇವೆಲ್ಲ ಹಗುರ ಕೆಲಸ. ಇಲ್ಲಿ ಅಂತರ ಕಣ್ಣಿಗೆ ಬೀಳುವುದು ಕಡಿಮೆ. ಬ್ರೌಸರ್‌ನಲ್ಲಿ ಹತ್ತಿಪ್ಪತ್ತು ಟ್ಯಾಬ್ ತೆರೆದಾಗ, ಸಾವಿರಾರು ಐಟಂಗಳ ಸ್ಟಾಕ್ ಪಟ್ಟಿ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದಾಗ ಎನ್100 ತಡವರಿಸುತ್ತದೆ. ಫ್ಲೆಕ್ಸ್ ಡಿಸೈನ್, ಫೋಟೋ ಸ್ಟುಡಿಯೋ, ವಿಡಿಯೋ ಎಡಿಟಿಂಗ್ ಕೆಲಸಕ್ಕಂತೂ ಐ3ಗಿಂತ ಕೆಳಗೆ ಇಳಿಯದಿರುವುದೇ ಒಳ್ಳೆಯದು.

ಕರೆಂಟ್ ಲೆಕ್ಕ

6 ವ್ಯಾಟ್ ಅಂದರೆ ಇಡೀ ಕಂಪ್ಯೂಟರ್ 6 ವ್ಯಾಟ್‌ನಲ್ಲೇ ಓಡುತ್ತದೆ ಅಂತಲ್ಲ. ರ್‍ಯಾಮ್, ಎಸ್‌ಎಸ್‌ಡಿ, ಅಡಾಪ್ಟರ್‌ನ ಖರ್ಚು ಬೇರೆ ಇರುತ್ತದೆ. ಹಾಗೆಯೇ ಐ3 ದಿನವಿಡೀ 60 ವ್ಯಾಟ್ ತಿನ್ನುವುದೂ ಇಲ್ಲ. ಅಂಗಡಿ ಕಂಪ್ಯೂಟರ್ ದಿನದ ಬಹುಪಾಲು ಹೊತ್ತು ಗಿರಾಕಿಗಾಗಿ ಕಾಯುತ್ತಾ ಸುಮ್ಮನೆ ಕೂತಿರುತ್ತದೆ. ಆ ಸುಮ್ಮನೆ ಕೂತ ಹೊತ್ತಿನ ಖರ್ಚೇ ಬಿಲ್ಲನ್ನು ನಿರ್ಧರಿಸುವುದು.

ಹಗುರ ಬಳಕೆಯಲ್ಲಿ ಎನ್100 ಮಿನಿ ಪಿಸಿಗೆ ಸರಾಸರಿ 12 ವ್ಯಾಟ್, ಐ3 ಡೆಸ್ಕ್‌ಟಾಪ್‌ಗೆ 35 ವ್ಯಾಟ್ ಅಂತ ಹಿಡಿಯೋಣ. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 300 ಗಂಟೆ. ಎನ್100ಗೆ 3.6 ಯೂನಿಟ್, ಐ3ಗೆ 10.5 ಯೂನಿಟ್ ಬೀಳುತ್ತದೆ. ಅಂತರ ಸುಮಾರು 7 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂದುಕೊಂಡರೂ ತಿಂಗಳಿಗೆ 56 ರೂಪಾಯಿ, ವರ್ಷಕ್ಕೆ 670 ರೂಪಾಯಿ ಆಸುಪಾಸು. ಅಂಗಡಿಯ ಬಿಲ್‌ನಲ್ಲಿರುವ ದರ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಬಹುದು. ಅಂದರೆ ಬರೀ ಕರೆಂಟ್ ಬಿಲ್ ನೋಡಿ ತೀರ್ಮಾನಿಸುವಷ್ಟು ದೊಡ್ಡ ಉಳಿತಾಯ ಇದಲ್ಲ.

ಕರೆಂಟ್ ಹೋದಾಗ ಗೊತ್ತಾಗುವ ವ್ಯತ್ಯಾಸ

ನಿಜವಾದ ಲಾಭ ಯುಪಿಎಸ್‌ನಲ್ಲಿದೆ. ಸಣ್ಣ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಅದರಲ್ಲಿರುವುದು 84 ವ್ಯಾಟ್-ಅವರ್. ಸೋರಿಕೆ, ಹಳೇ ಬ್ಯಾಟರಿ ಎಲ್ಲ ಕಳೆದು ಮೂರನೇ ಒಂದು ಭಾಗ, ಅಂದರೆ 28 ಮಾತ್ರ ಸಿಕ್ಕಿತು ಅನ್ನೋಣ. ಮಾನಿಟರ್‌ಗೆ 20 ವ್ಯಾಟ್ ಸೇರಿಸಿದರೆ ಎನ್100 ಸುಮಾರು 52 ನಿಮಿಷ ಓಡುತ್ತದೆ, ಐ3 ಸುಮಾರು 30 ನಿಮಿಷ. ತಿಂಗಳ 20ನೇ ತಾರೀಕು ಜಿಎಸ್‌ಟಿಆರ್-3ಬಿ ತುಂಬುತ್ತಿರುವಾಗಲೇ ಕರೆಂಟ್ ಕೈಕೊಟ್ಟರೆ ಆ 22 ನಿಮಿಷದ ಬೆಲೆ ಏನೆಂದು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ.

ಕೊಳ್ಳುವ ಮುಂಚೆ ಗಮನಿಸಬೇಕಾದ್ದು

* 'ಐ3' ಅಂದಾಕ್ಷಣ ಒಪ್ಪಬಾರದು. ಮುಂದಿನ ನಂಬರ್ ಮುಖ್ಯ. 2012ರ ಐ3-3220 ಕೂಡ ಐ3ಯೇ, ಅದರಲ್ಲಿರುವುದು ಎರಡೇ ಕೋರ್. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಅದು ಇಲ್ಲ. ಎನ್100 ಮತ್ತು ಐ3-12100 ಎರಡೂ ಪಟ್ಟಿಯಲ್ಲಿವೆ.
* ಸೆಕೆಂಡ್ ಹ್ಯಾಂಡ್ ಆಗಿದ್ದರೆ ಆನ್ ಮಾಡಿಸಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಅಬೌಟ್ ಒತ್ತಿ ಪ್ರೊಸೆಸರ್ ಹೆಸರು ಓದಿಕೊಳ್ಳಬೇಕು.
* ಐ3-12100ಎಫ್ ಅಂತ ಕೊನೆಗೆ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಕಾಣದು.
* ಎನ್100 ಬೋರ್ಡ್‌ಗೇ ಬೆಸೆದು ಬರುತ್ತದೆ. ಮುಂದೆ ವೇಗ ಸಾಲದಿದ್ದರೆ ಪ್ರೊಸೆಸರ್ ಮಾತ್ರ ಬದಲಿಸಲಾಗದು. ಐ3ಯನ್ನು ತೆಗೆದು ಅದೇ ಬೋರ್ಡ್‌ಗೆ ಹೊಂದುವ ದೊಡ್ಡದನ್ನು ಕೂರಿಸಬಹುದು.
* ಯಾವುದೇ ಆಗಲಿ, 8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇರಲೇಬೇಕು. ಹಳೇ ಹಾರ್ಡ್ ಡಿಸ್ಕ್ ಹಾಕಿದ ಐ3ಗಿಂತ ಎಸ್‌ಎಸ್‌ಡಿ ಇರುವ ಎನ್100 ಬೇಗ ಆನ್ ಆಗುತ್ತದೆ.

ಒಟ್ಟಿನಲ್ಲಿ, ಬಿಲ್ಲಿಂಗ್, ಲೆಕ್ಕಪತ್ರ, ಪೋರ್ಟಲ್ ಕೆಲಸ ಮಾತ್ರ ಇದ್ದು ಪದೇ ಪದೇ ಕರೆಂಟ್ ಹೋಗುವ ಊರಾದರೆ ಎನ್100 ಸಾಕು. ಡಿಸೈನ್, ಫೋಟೋ, ವಿಡಿಯೋ ಇದ್ದರೆ ಅಥವಾ ಒಂದೇ ಯಂತ್ರದಲ್ಲಿ ಹಲವು ಕೆಲಸ ಒಟ್ಟಿಗೆ ನಡೆಯಬೇಕಿದ್ದರೆ ಐ3-12100 ತೆಗೆದುಕೊಂಡು, ಜೊತೆಗೆ ಸ್ವಲ್ಪ ದೊಡ್ಡ ಯುಪಿಎಸ್‌ಗೂ ದುಡ್ಡು ತೆಗೆದಿಡುವುದು ಲೇಸು.